ಲಾಂಡ್ರಿ ಅಜ್ಜನನ್ನು ಎತ್ತುವವರು

ಬೆಳಿಗ್ಗೆ ಆರು ನಲವತ್ತೈದು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಅಜ್ಜನನ್ನು ಹಾಸಿಗೆಯಿಂದ ಎತ್ತಿ ಗಾಲಿ ಕುರ್ಚಿಗೆ ಕೂರಿಸಲಾಯಿತು. ಎತ್ತಿದ ಇಬ್ಬರೂ ಆ ಮನೆಯವರಲ್ಲ, ಆ ದೇಶದವರೂ ಅಲ್ಲ.

ಅವರು ಮೋರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿಗಳು, ಮನೆಮನೆಗೆ ಹೋಗಿ ತಮ್ಮ ಧರ್ಮ ಸಾರುವವರು. ಒಬ್ಬನಿಗೆ ಹತ್ತೊಂಬತ್ತು, ಇನ್ನೊಬ್ಬನಿಗೆ ಇಪ್ಪತ್ತು. ಅದೇ ಮನೆಯ ಮಹಡಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಬಿಲ್ಲೆಯಲ್ಲಿ ಹೆಸರಿನ ಮುಂದೆ 'ಎಲ್ಡರ್' ಎಂದಿತ್ತು. ಹಾಗೆಂದರೆ ಹಿರಿಯ ಎಂದು ತಿಳಿದ ದಿನ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

"ಮೀಸೆ ಬರೋಕೆ ಮುಂಚೆ ಹಿರಿತನ! ಈ ಮನೆಗೆ ಒಬ್ಬರೇ ಹಿರಿಯರು, ಒಳಗೆ ಮಲಗಿದ್ದಾರೆ. ನೀನು ಉದ್ದಣ್ಣ, ಅವನು ಗುಂಡಣ್ಣ. ಸಾಕು ಅಷ್ಟು."

ಅಂದಿನಿಂದ ಆ ಬೀದಿಗೆಲ್ಲ ಅವರು ಉದ್ದಣ್ಣ, ಗುಂಡಣ್ಣ.

ಅಜ್ಜನಿಗೆ ಎಡಭಾಗ ಬಿದ್ದುಹೋಗಿ ವರ್ಷವಾಗಿತ್ತು. ನಲವತ್ತು ವರ್ಷ ಆ ಲಾಂಡ್ರಿಯ ಶಟರನ್ನು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಎತ್ತಿದ ಮನುಷ್ಯ. ಬೋರ್ಡಿನ ಮೇಲೆ 'ಏಳು ಗಂಟೆಗೆ' ಎಂದು ತಾನೇ ಬಣ್ಣದಲ್ಲಿ ಬರೆದಿದ್ದ. ಈಗ ಮಾತೂ ಹೋಗಿತ್ತು. ಉಳಿದಿದ್ದು ಒಂದೇ ಪದ, ಅದೂ ಮಹಡಿಯ ಹುಡುಗರು ಬಂದ ಮೇಲೆ ಹೊರಟದ್ದು. ಲಾಂಡ್ರಿಯ ಹಳೆಯ ಯಂತ್ರದ ಅಗಲವಾದ ಬಟ್ಟೆಪಟ್ಟಿಯನ್ನು ಅಜ್ಜನ ಸೊಂಟಕ್ಕೆ ಸುತ್ತಿ, ಗುಂಡಣ್ಣ "ಒಂದು, ಎರಡು" ಎನ್ನುತ್ತಿದ್ದ. ಅಜ್ಜ "ಮೂರು" ಎನ್ನುತ್ತಿದ್ದ. ಆಗ ಎತ್ತುತ್ತಿದ್ದರು. ಗುಂಡಣ್ಣನ ಅಪ್ಪನಿಗೆ ಹಸುಗಳಿದ್ದವು.

"ಊರಲ್ಲಿ ಕರುಗಳನ್ನು ಹೀಗೆಯೇ ಎತ್ತುತ್ತಿದ್ದೆವು" ಎಂದು ಅವನು ಮೊದಲ ದಿನ ಹೇಳಿದ.

"ಕರುವಂತೆ!" ಅಜ್ಜಿ ಗಂಡನ ಕಡೆ ನೋಡಿದಳು. "ಕೇಳಿದ್ರಾ? ಈ ವಯಸ್ಸಿನಲ್ಲಿ ನಿಮಗೆ ಬಡ್ತಿ."

ಹುಡುಗರು ಆ ದೇಶದ ಮಾತನ್ನು ತರಬೇತಿ ಶಾಲೆಯಲ್ಲಿ ಪುಸ್ತಕದಿಂದ ಕಲಿತಿದ್ದರು. ಹಾಗಾಗಿ ಸೊಪ್ಪು ಕೊಳ್ಳುವಾಗಲೂ ಭಾಷಣ ಮಾಡಿದಂತೆ ಮಾತಾಡುತ್ತಿದ್ದರು. ಮೊಮ್ಮಗಳು ಕೌಂಟರಿನಲ್ಲಿ ಕೂತು ಅವರನ್ನು ಅಣಕಿಸುತ್ತಿದ್ದಳು: "ಬನ್ನಿರಿ ಮಾನ್ಯರೇ, ತಮ್ಮ ಕಾಲುಚೀಲಗಳು ಸಿದ್ಧವಾಗಿವೆ."

ಅವರಿಗೆ ನಿಯಮಗಳು ಬಹಳ. ಒಬ್ಬನನ್ನು ಬಿಟ್ಟು ಒಬ್ಬ ಇರುವಂತಿಲ್ಲ. ಬಚ್ಚಲಿಗೆ ಹೋದರೆ ಬಾಗಿಲಾಚೆ ಇನ್ನೊಬ್ಬ. ಚಹಾ ಇಲ್ಲ, ಕಾಫಿ ಇಲ್ಲ. ಗಂಡಸರು ಯಾರೂ ಇಲ್ಲದ ಮನೆಯೊಳಗೆ ಕಾಲಿಡುವಂತಿಲ್ಲ. ಒಮ್ಮೆ ಲಾಂಡ್ರಿಯ ಯಜಮಾನ, ಅಂದರೆ ಅಜ್ಜನ ಮಗ, ಸೋಪಿನ ಪುಡಿ ತರಲು ಹೋಗಿದ್ದಾಗ ಇಬ್ಬರೂ ಹೊಸಿಲಾಚೆಯೇ ನಿಂತುಬಿಟ್ಟರು.

"ಯಾಕ್ರೋ?" ಎಂದಳು ಅಜ್ಜಿ.

"ಕ್ಷಮಿಸಿ ಅಜ್ಜಿ. ಮನೆಯಲ್ಲಿ ಪುರುಷರು ಇಲ್ಲದಿರುವಾಗ ನಾವು ಒಳಗೆ ಬರಬಾರದು."

"ನನಗೆ ಎಪ್ಪತ್ತೆಂಟು ಕಣೋ! ಸರಿ, ಒಳಗೆ ಮಲಗಿರೋರು ಯಾರು ಹಾಗಾದ್ರೆ? ಅವರು ಗಂಡಸಲ್ವಾ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಜೇಬಿನ ಕೈಪುಸ್ತಕ ತೆಗೆದು ಹುಡುಕಿದರು. ಅಜ್ಜನನ್ನು ಗಂಡಸೆಂದು ಎಣಿಸಬಹುದು ಎಂದು ತೀರ್ಮಾನಿಸಿ ಒಳಗೆ ಬಂದರು.

ಆ ಮನೆಯಲ್ಲಿ ಅವರ ಪುಸ್ತಕಕ್ಕೆ ಪ್ರವೇಶವಿರಲಿಲ್ಲ. "ನಿಮ್ಮ ದೇವರ ಮಾತು ಮೆಟ್ಟಿಲ ಮೇಲೆ ಬಿಟ್ಟು ಬನ್ನಿ. ಊಟಕ್ಕೆ ಮಾತ್ರ ಬನ್ನಿ" ಎಂದು ಅಜ್ಜಿ ಷರತ್ತು ಹಾಕಿದ್ದಳು. ಹುಡುಗರು ಒಪ್ಪಿದ್ದರು. ವಾರಕ್ಕೆ ಮೂರು ರಾತ್ರಿ ಕೆಳಗೆ ಊಟ. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ತೆಳ್ಳನೆಯ ಬೇಳೆ. ಸೊಸೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಐದೂವರೆಗೆ ಹೊರಟರೆ ಮೂರಕ್ಕೆ ವಾಪಸು. ಮುನ್ನೂರು ಮಕ್ಕಳಿಗೆ ಬಡಿಸಿ ಬಂದವಳಿಗೆ ಮನೆಯಲ್ಲಿ ಸೌಟು ಹಿಡಿಯಲು ಕೈ ಏಳುತ್ತಿರಲಿಲ್ಲ. ಆದರೂ ಹಿಡಿಯುತ್ತಿದ್ದಳು.

ಹುಡುಗರು ಎತ್ತುವ ಕೆಲಸಕ್ಕೆ ಬಿದ್ದದ್ದು ಹೀಗೆ: ಮೊದಲು ಅಜ್ಜನಿಗೆ ಒಬ್ಬ ಆಳು ಬರುತ್ತಿದ್ದ. ಅವನು ಕಾಲು ಉಳುಕಿಸಿಕೊಂಡು ಹದಿನೈದು ದಿನ ಬರಲಿಲ್ಲ. "ನಾವು ಇದ್ದೇವೆ" ಎಂದು ಉದ್ದಣ್ಣ ಹೇಳಿದ. ವಾರಕ್ಕೆ ಇಷ್ಟು ಹೊತ್ತು ಊರವರ ಸೇವೆ ಮಾಡಬೇಕೆಂದು ಅವರ ನಿಯಮದಲ್ಲೇ ಇತ್ತು. ಹದಿನೈದು ದಿನವಾದ ಮೇಲೆ ಆಳು ಬಂದ. ಯಜಮಾನ ಅವನನ್ನು ಹಾಗೇ ವಾಪಸು ಕಳಿಸಿದ.

ಯಜಮಾನ ತಾನು ಎತ್ತುತ್ತಿರಲಿಲ್ಲ. ಹುಡುಗರು ಎತ್ತುವಾಗ ಕೋಣೆಗೂ ಬರುತ್ತಿರಲಿಲ್ಲ. "ನನಗೆ ಸೊಂಟ" ಎನ್ನುತ್ತಿದ್ದ. ಆದರೆ ಒದ್ದೆ ಚಾದರಗಳ ಮೂಟೆಯನ್ನು ಯಂತ್ರದಿಂದ ಹೊರಗೆಳೆದು ಹೆಗಲಿಗೇರಿಸುವಾಗ ಆ ಸೊಂಟ ಎಲ್ಲಿ ಹೋಗುತ್ತಿತ್ತೋ ಯಾರೂ ಕೇಳಿರಲಿಲ್ಲ.

ತಪ್ಪು ನಡೆದದ್ದು ಒಂದು ಗುರುವಾರದ ಊಟದ ಹೊತ್ತಿಗೆ. ಮೊಮ್ಮಗಳಿಗೆ ಪತ್ರ ಬಂದಿತ್ತು. ನಾಲ್ಕು ಗಂಟೆ ದೂರದ ಊರಿನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಕೋರ್ಸಿಗೆ ಸೀಟು. ಎರಡು ವರ್ಷ, ಹಾಸ್ಟೆಲು. ಹಿಂದಿನ ವರ್ಷವೂ ಸಿಕ್ಕಿತ್ತು. ಆ ವರ್ಷವೇ ಅಜ್ಜ ಬಿದ್ದಿದ್ದರಿಂದ ಕೈಬಿಟ್ಟಿದ್ದಳು.

"ಹೋಗ್ಲಿ ಅತ್ತೆ ಈ ಸಲ" ಎಂದಳು ಸೊಸೆ. "ಇನ್ನೊಂದು ಸಲ ಬಿಟ್ರೆ ವಯಸ್ಸು ಮೀರುತ್ತೆ ಅಂತಾರೆ."

"ಅಂಗಡಿ ಯಾರು ನೋಡ್ತಾರೆ?" ಎಂದ ಯಜಮಾನ.

"ಕೌಂಟರಿನಲ್ಲಿ ನಾನು ಕೂರ್ತೀನಿ" ಎಂದಳು ಅಜ್ಜಿ. "ಕೂರೋದಕ್ಕೇನು? ಎತ್ತೋದು ನನ್ನ ಕೈಲಾಗಲ್ಲ. ಉದ್ದಣ್ಣ, ನೀವು ಎಷ್ಟು ದಿನ ಇರ್ತೀರಪ್ಪ?"

ಉದ್ದಣ್ಣ ಬಾಯಲ್ಲಿದ್ದ ಆಲೂಗಡ್ಡೆ ನುಂಗಿ, ಪುಸ್ತಕದಲ್ಲಿ ಕಲಿತ ವಾಕ್ಯವನ್ನೇ ಒಪ್ಪಿಸಿದ: "ನಮ್ಮ ಸೇವೆಯ ಅವಧಿ ಎರಡು ವರ್ಷಗಳು."

ಅಜ್ಜಿ ತಟ್ಟೆಯ ಅಂಚು ತಟ್ಟಿದಳು. "ನೋಡು! ಇವಳದೂ ಎರಡು, ಇವರದೂ ಎರಡು. ಅಳತೆ ತಗೊಂಡು ಹೊಲಿಸಿದ ಹಾಗಿದೆ. ಹೋಗೇ, ಪೆಟ್ಟಿಗೆ ಕಟ್ಟು."

ಅವನು ಹೇಳಿದ್ದು ಸುಳ್ಳಲ್ಲ. ಸೇವೆ ಎರಡು ವರ್ಷ. ಆದರೆ ಎರಡು ವರ್ಷ ಒಂದೇ ಊರಿನಲ್ಲಲ್ಲ. ಆರು ವಾರಕ್ಕೊಮ್ಮೆ ಮಿಷನ್ ಕಚೇರಿಯಿಂದ ವರ್ಗಾವಣೆಯ ಫೋನು ಬರುತ್ತದೆ. ಕೆಲವರು ಉಳಿಯುತ್ತಾರೆ, ಕೆಲವರು ನಾಲ್ಕು ದಿನದೊಳಗೆ ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾರೆ. ಅದೂ ಅಲ್ಲದೆ ಉದ್ದಣ್ಣನ ಎರಡು ವರ್ಷದಲ್ಲಿ ಹನ್ನೊಂದು ತಿಂಗಳು ಆಗಲೇ ಕಳೆದಿದ್ದವು. ಗುಂಡಣ್ಣ ಮೇಜಿನ ಕೆಳಗೆ ಅವನ ಕಾಲು ತುಳಿದ. ಉದ್ದಣ್ಣ ಬಾಯಿ ತೆರೆದ. ಅಷ್ಟರಲ್ಲಿ ಮೊಮ್ಮಗಳು ಎದ್ದುನಿಂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸೊಸೆ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು. ಅವನು ಮೊಟ್ಟೆ ತಿಂದ.

ಮಹಡಿಗೆ ಹೋದ ಮೇಲೆ ತಮ್ಮ ಭಾಷೆಯಲ್ಲಿ ಜಗಳವಾಯಿತು.

"ಹೇಳ್ಬೇಕಿತ್ತು ಕಣೋ ನೀನು" ಎಂದ ಗುಂಡಣ್ಣ.

"ನಾಳೆ ಹೇಳ್ತೀನಿ."

"ನಾಳೆ ಅನ್ನೋನ ಮನೆ ಹಾಳು. ನಮ್ಮಜ್ಜಿ ಹೇಳ್ತಿದ್ಲು."

"ನೀನೇ ಹೇಳು ಹಾಗಾದ್ರೆ."

"ಅವರು ಕೇಳಿದ್ದು ನಿನ್ನನ್ನ."

ನಾಳೆ ಬಂತು, ಹೋಯಿತು. ದಿನಗಳು ಒಂದರಂತೆ ಒಂದಿದ್ದವು. ಆರೂವರೆಗೆ ಏಳುವುದು, ಅಜ್ಜನನ್ನು ಎತ್ತುವುದು, ಬಚ್ಚಲು, ಕುರ್ಚಿ. ಎಂಟರಿಂದ ಹತ್ತರವರೆಗೆ ಓದು. ಆಮೇಲೆ ಬೀದಿ. ಒಂದು ಕಟ್ಟಡದಲ್ಲಿ ಐವತ್ತಾರು ಬಾಗಿಲು ತಟ್ಟಿದರೆ ಹತ್ತು ತೆರೆಯುತ್ತಿದ್ದವು, ಒಂಬತ್ತು ಮುಚ್ಚಿಕೊಳ್ಳುತ್ತಿದ್ದವು. ಹತ್ತನೆಯವರು ವಿದ್ಯುತ್ ಕಂಪನಿಯವರೆಂದು ತಿಳಿದು ಮೀಟರು ತೋರಿಸುತ್ತಿದ್ದರು. ಒಬ್ಬ ಮುದುಕ ಪ್ರತಿ ಸಲವೂ ಕೂರಿಸಿ, ನೀರು ಕೊಟ್ಟು, ತನ್ನ ಮಂಡಿನೋವಿನ ಕಥೆ ಹೇಳಿ ಕಳಿಸುತ್ತಿದ್ದ. ಉದ್ದಣ್ಣನ ಎಡಗಾಲಿನ ಶೂ ಹಿಮ್ಮಡಿ ಸವೆದು ವಾಲಿತ್ತು. ರಾತ್ರಿ ಒಂಬತ್ತಕ್ಕೆ ವಾಪಸು. ವಾರದ ಕೊನೆಗೆ ಕಚೇರಿಗೆ ವರದಿ. ಎಷ್ಟು ಜನ ಪಾಠ ಕೇಳಿದರು? ಸೊನ್ನೆ. ಎಷ್ಟು ಜನ ಸಭೆಗೆ ಬಂದರು? ಸೊನ್ನೆ. ಸೇವೆ? ಏಳು ಗಂಟೆ.

ಸೋಮವಾರ ಬಿಡುವಿನ ದಿನ. ಅಂದು ಮನೆಗೆ ಫೋನು. ತೆರೆಯ ಮೇಲೆ ಉದ್ದಣ್ಣನ ಅಮ್ಮ ಕಾಣಿಸುತ್ತಿದ್ದಳು.

"ಎಷ್ಟು ಜನ ಸೇರಿದ್ರು ಮಗಾ?"

"ಇನ್ನೂ ಇಲ್ಲಮ್ಮ."

"ಇರ್ಲಿ ಬಿಡು. ಅಂಗಿ ಮಾತ್ರ ಚೆನ್ನಾಗಿದೆ. ಯಾರು ಇಸ್ತ್ರಿ ಮಾಡೋದು?"

"ಕೆಳಗಡೆ ಮನೆಯವರು."

"ನಿನ್ನ ಅಣ್ಣನಿಗಂತೂ ಈ ಭಾಗ್ಯ ಇರ್ಲಿಲ್ಲ. ಅವನ ಸೇವೆಯ ಎರಡು ವರ್ಷವೂ ಮುದುರಿದ ಅಂಗಿಯಲ್ಲೇ ತಿರುಗಿದ."

ಇಸ್ತ್ರಿಗೆ ಯಜಮಾನ ಕಾಸು ಮುಟ್ಟುತ್ತಿರಲಿಲ್ಲ. ಬಟ್ಟೆ ತಯಾರಾದಾಗ ಎಲ್ಲ ಗಿರಾಕಿಗಳಿಗೂ ಹೋಗುವ ಸಂದೇಶವೇ ಅವರಿಗೂ ಬರುತ್ತಿತ್ತು: 'ನಿಮ್ಮ ಬಟ್ಟೆ ತಯಾರಿದೆ. ಅಂಗಡಿ ಸಮಯ ಬೆಳಿಗ್ಗೆ ಏಳರಿಂದ. ವಂದನೆಗಳು.' ಅದನ್ನು ಕಳಿಸುವುದು ಮೊಮ್ಮಗಳ ಕೆಲಸ.

ಆ ಸಲದ ವರ್ಗಾವಣೆ ಫೋನಿನಲ್ಲಿ ಇಬ್ಬರೂ ಉಳಿದರು. ಉದ್ದಣ್ಣ ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿದ. ಮೊಮ್ಮಗಳು ಹಾಸ್ಟೆಲಿಗೆಂದು ಹೊಸ ಬಕೆಟ್ಟು, ಚಾಪೆ, ಬಿಳಿ ಕೋಟು ತಂದಳು. ಕೋಟನ್ನು ತಾನೇ ಗಂಜಿ ಹಾಕಿ ಇಸ್ತ್ರಿ ಮಾಡಿ ಕೌಂಟರಿನ ಹಿಂದೆ ತೂಗುಹಾಕಿದಳು. ಗಿರಾಕಿಯೊಬ್ಬ ಅದನ್ನು ತನ್ನದೆಂದು ಒಯ್ಯಹೋಗಿ ಬೈಸಿಕೊಂಡ.

ಮುಂದಿನ ಫೋನು ಬಂದದ್ದು ಶನಿವಾರ ಬೆಳಿಗ್ಗೆ ಎಂಟು ಹತ್ತಕ್ಕೆ. ಇಬ್ಬರೂ ಬುಧವಾರ ಹೊರಡಬೇಕು, ಒಬ್ಬ ಉತ್ತರಕ್ಕೆ, ಒಬ್ಬ ಕರಾವಳಿಗೆ. ಅವರ ಜಾಗಕ್ಕೆ ಯಾರೂ ಬರುವುದಿಲ್ಲ. ವರ್ಷವಾದರೂ ಒಬ್ಬರೂ ಸೇರದ ಊರು, ಕೋಣೆ ಖಾಲಿ ಮಾಡಿ ಬೀಗದ ಕೈ ಕೊಟ್ಟುಬಿಡಿ ಎಂದರು. ಮೊಮ್ಮಗಳ ಬಸ್ಸು ಅದರ ಮುಂದಿನ ಭಾನುವಾರ.

ಉದ್ದಣ್ಣ ಶನಿವಾರ ಹೇಳಲಿಲ್ಲ. ಭಾನುವಾರವೂ ಹೇಳಲಿಲ್ಲ. ಸೋಮವಾರ ಊಟಕ್ಕೆ ಕೂತಾಗ ಗುಂಡಣ್ಣ ತಟ್ಟೆ ಮುಟ್ಟದೆ ಅವನನ್ನೇ ನೋಡುತ್ತಿದ್ದ.

"ಏನೋ ಗುಂಡಣ್ಣ, ಉಪವಾಸನಾ?" ಎಂದಳು ಅಜ್ಜಿ.

"ನಾವು ಬುಧವಾರ ಹೊರಡುತ್ತಿದ್ದೇವೆ" ಎಂದ ಉದ್ದಣ್ಣ.

"ಎಲ್ಲಿಗೆ? ಯಾವಾಗ ವಾಪಸು?"

"ವಾಪಸು ಇಲ್ಲ ಅಜ್ಜಿ. ಬೇರೆ ಊರು. ನಮ್ಮ ಜಾಗಕ್ಕೆ ಯಾರೂ ಬರುವುದಿಲ್ಲ."

ಸೊಸೆಯ ಸೌಟು ಪಾತ್ರೆಯೊಳಗೇ ನಿಂತಿತು.

"ಎರಡು ವರ್ಷ ಅಂದ್ರಲ್ಲ?" ಎಂದ ಯಜಮಾನ. "ಇದೇ ಮೇಜಿಗೆ ಕೂತು ಹೇಳಿದ್ರಿ. ನಾನು ಆಳನ್ನ ಬಿಡಿಸಿದ್ದೀನಿ. ಅವನು ಈಗ ಬೇರೆ ಮನೆ ಹಿಡಿದಿದ್ದಾನೆ."

"ಸೇವೆ ಎರಡು ವರ್ಷ. ಊರು ಬದಲಾಗುತ್ತದೆ. ಅದು ನನಗೆ ಗೊತ್ತಿತ್ತು. ಹೇಳಲಿಲ್ಲ. ತಪ್ಪು ನನ್ನದು."

"ಗೊತ್ತಿತ್ತಾ?" ಮೊಮ್ಮಗಳು ಕೇಳಿದಳು. ಅಣಕವಿಲ್ಲದೆ ಅವಳು ಅವನೊಡನೆ ಮಾತಾಡಿದ್ದು ಅದೇ ಮೊದಲು. "ಅವತ್ತು ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಬಕೆಟ್ಟು ತಂದಾಗ? ಚಾಪೆ ತಂದಾಗ? ಮೇಲಿಂದ ಇಳಿದು ಬಂದು ಚಾಪೆ ಚೆನ್ನಾಗಿದೆ ಅಂದ್ರಲ್ಲ ನೀವು!"

ಅವಳು ಎದ್ದು ಅಂಗಡಿಗೆ ಹೋಗಿ ಕೋಟು ಇಳಿಸಿಕೊಂಡು ಬಂದು ಕುರ್ಚಿಯ ಮೇಲೆಸೆದಳು.

"ಎಂಥ ದೇವರ ಸೇವಕರಪ್ಪ" ಎಂದ ಯಜಮಾನ. "ಮನುಷ್ಯನಿಗೆ ನಾಲಿಗೆ ಒಂದೇ ಇರ್ಬೇಕು."

"ನಾನು ಕೆಲಸ ಬಿಡ್ತೀನಿ ಬಿಡಿ" ಎಂದಳು ಸೊಸೆ. "ಅವಳು ಹೋಗ್ಲಿ."

"ನೀನು ಕೆಲಸ ಬಿಟ್ರೆ ಅವಳ ಹಾಸ್ಟೆಲಿಗೆ ಯಾರು ಕಟ್ತಾರೆ? ಯಾರೂ ಎಲ್ಲಿಗೂ ಹೋಗೋದು ಬೇಡ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷ ಇಲ್ಲಪ್ಪ!" ಮೊಮ್ಮಗಳು ಕಿರುಚಿದಳು. "ಇದೇ ಕೊನೆ!"

ಒಳಕೋಣೆಯಿಂದ ಅಜ್ಜ ಮಂಚದ ಸರಳಿಗೆ ಬಲಗೈಯಿಂದ ಬಡಿಯತೊಡಗಿದ. ಟಣ್, ಟಣ್, ಟಣ್. ಅಜ್ಜಿ ಅದು ನಿಲ್ಲುವವರೆಗೆ ಕಾದಳು.

"ಆ ಹುಡುಗರನ್ನ ಬೈದಿದ್ದು ಸಾಕು" ಎಂದಳು ಮಗನಿಗೆ. "ಪರದೇಶದ ಮಕ್ಕಳು ಎತ್ತಿದ್ದಾರೆ, ನೀನು ಎಷ್ಟು ಸಲ ಎತ್ತಿದೆ?"

"ನನಗೆ ಸೊಂಟ."

"ಸೊಂಟವಂತೆ. ಹೋಟೆಲಿನ ಚಾದರ ಮೂಟೆ ಹೊರೋಕೆ ಸೊಂಟ ಇದೆ."

"ಅಮ್ಮ, ಬೇಡ."

"ಬೇಡ ಅಂದ್ರೆ? ಇವರಿಗೂ ಗೊತ್ತಾಗ್ಲಿ. ಆಸ್ಪತ್ರೆಯಿಂದ ಬಂದ ಮೊದಲ ವಾರ ಇವನೇ ಎತ್ತಿದ, ಬಚ್ಚಲಲ್ಲಿ ಬರಿಗಾಲಲ್ಲಿ ಜಾರಿದ, ಇಬ್ಬರೂ ಬಿದ್ದರು. ಅವರ ಹುಬ್ಬಿನ ಮೇಲೆ ಆರು ಹೊಲಿಗೆ. ಅವತ್ತಿಂದ ಅಪ್ಪನ್ನ ಮುಟ್ಟಿಲ್ಲ."

"ನನ್ನನ್ನ ಕಂಡ್ರೆ ಮುಖ ತಿರುಗಿಸ್ತಾರಮ್ಮ!" ಯಜಮಾನನ ದನಿ ಎತ್ತರವಾಗಿತ್ತು. ವಯಸ್ಸು ಐವತ್ತಾಗಿದ್ದವನು, ಕಾಲರ್ ಮಡಿಕೆ ತಪ್ಪಿದೆ ಎಂದು ತಾನು ಇಸ್ತ್ರಿ ಮಾಡಿದ ಅಂಗಿಯನ್ನು ಗಿರಾಕಿಗಳ ಎದುರೇ ಅಪ್ಪನ ಕೈಯಿಂದ ಮತ್ತೆ ಬಕೆಟ್ಟಿಗೆ ಅದ್ದಿಸಿಕೊಂಡವನು. "ಮುಂಚೆನೂ ನನ್ನ ಕೈಕೆಲಸ ಅವರಿಗೆ ಸರಿ ಬಂದಿಲ್ಲ. ಅವತ್ತು ಬೀಳಿಸಿದ ಮೇಲೆ ಕೇಳ್ಬೇಕಾ?"

ಗುಂಡಣ್ಣ ನಿಧಾನವಾಗಿ, ಪದ ಹುಡುಕುತ್ತ ಹೇಳಿದ: "ಯಜಮಾನರೇ, ಒಬ್ಬರೇ ಸಾಕು. ಪಟ್ಟಿ ಇದ್ದರೆ. ಎತ್ತುವುದಲ್ಲ ಅದು. ನಿಲ್ಲಿಸುವುದು, ತಿರುಗಿಸುವುದು, ಕೂರಿಸುವುದು. ನಮ್ಮ ಅಪ್ಪ ಒಬ್ಬರೇ ಕರು..."

"ಕರು ವಿಷಯ ಸಾಕು" ಎಂದಳು ಅಜ್ಜಿ. "ನಾಳೆ ತೋರಿಸಿ."

ಮಂಗಳವಾರ ಆರು ನಲವತ್ತೈದು. ಯಜಮಾನ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ. ಗುಂಡಣ್ಣ ಪಟ್ಟಿ ಸುತ್ತುವುದನ್ನು ತೋರಿಸಿದ. ಉದ್ದಣ್ಣ ನೆಲದ ಮೇಲೆ ಕೂತು, ಯಜಮಾನನ ಮಂಡಿಯನ್ನು ಅಜ್ಜನ ಎಡಮಂಡಿಗೆ ಎದುರಾಗಿಟ್ಟ.

"ನಿಮ್ಮ ಮಂಡಿ ಗೋಡೆಯ ಹಾಗೆ ಇರಬೇಕು. ಆಗ ಅವರ ಕಾಲು ಜಾರುವುದಿಲ್ಲ."

"ಚಪ್ಪಲಿ ಬಿಚ್ಚಲಾ?"

"ಬೇಡ. ಶೂ ಹಾಕಿ. ಬರಿಗಾಲಲ್ಲಿ ಜಾರಿದ್ದು ನೀವು."

ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ. ಹುಬ್ಬಿನ ಮೇಲೆ ಹೊಲಿಗೆಯ ಗೆರೆ ಬೆಳ್ಳಗೆ ಕಾಣುತ್ತಿತ್ತು.

"ಒಂದು" ಎಂದ ಯಜಮಾನ. "ಎರಡು."

ಅಜ್ಜ ಏನೂ ಹೇಳಲಿಲ್ಲ. ಯಜಮಾನ ಕಾದ. "ನೋಡಿದ್ರಾ?" ಎಂದು ಪಟ್ಟಿ ಬಿಟ್ಟುಬಿಟ್ಟ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಗುಂಡಣ್ಣನೇ "ಮೂರು" ಎಂದ. ಯಜಮಾನ ಎತ್ತಿದ. ಅಜ್ಜ ನಿಂತ, ಒಂದು ಕ್ಷಣ ಮಗನ ಭುಜದ ಮೇಲೆ ವಾಲಿದ. ಕುರ್ಚಿ ಒಂದು ಗೇಣು ದೂರವಿತ್ತು. ಅಜ್ಜಿ ಅದನ್ನು ಬೈಯುತ್ತ ತಳ್ಳಿದಳು. ಅಜ್ಜ ಕುರ್ಚಿಯ ಅಂಚಿನಲ್ಲಿ ದೊಪ್ಪನೆ ಕೂತ. ಬೀಳಲಿಲ್ಲ.

ಯಜಮಾನನ ಅಂಗಿ ಬೆನ್ನಿಗೆ ಅಂಟಿತ್ತು. ಗಡಿಯಾರ ನೋಡಿದ. ಏಳು ಐದು. ಶಟರ್ ಎತ್ತಲು ಓಡಿದ.

ಅಂದು ಹಗಲು ಹುಡುಗರು ಕೋಣೆ ತೊಳೆದರು. ಉದ್ದಣ್ಣ ಹಿಮ್ಮಡಿ ಸವೆದ ಶೂ ಜೋಡಿಯನ್ನು ಕಸಕ್ಕೆ ಹಾಕಿ, ಇನ್ನೊಂದು ಜೋಡಿಗೆ ದಾರ ಕಟ್ಟಿದ. ಮೊಮ್ಮಗಳು ಮೆಟ್ಟಿಲಲ್ಲಿ ಎದುರಾದಳು. ಅವನು ಪಕ್ಕಕ್ಕೆ ಸರಿದು ನಿಂತ.

"ನನ್ನನ್ನು ಕ್ಷಮಿಸಬೇಕು" ಎಂದ.

"ಭಾನುವಾರ ನಾನು ಹೋದ್ರೆ ಕ್ಷಮಿಸ್ತೀನಿ" ಎಂದಳು. "ಇಲ್ಲದಿದ್ರೆ ಇಲ್ಲ."

ಬುಧವಾರ ಅವರ ಬಸ್ಸು ಏಳು ಹತ್ತಕ್ಕೆ, ದೊಡ್ಡ ಊರಿನವರೆಗೆ ಇಬ್ಬರಿಗೂ ಅದೇ. ನಿಲ್ದಾಣ ಲಾಂಡ್ರಿಯ ಎದುರಿನ ಬದಿಯಲ್ಲೇ. ಆರು ನಲವತ್ತಕ್ಕೆ ಪೆಟ್ಟಿಗೆಗಳನ್ನು ಕೆಳಗಿಳಿಸಿ, ಎಂದಿನಂತೆ ಒಳಕೋಣೆಯ ಕಡೆ ತಿರುಗಿದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನಿಮ್ಮ ಪಾಳಿ ಮುಗೀತು. ಹೋಗಿ."

"ಇವತ್ತೊಂದು ದಿನ..."

"ಇವತ್ತೂ ನೀವೇ ಎತ್ತಿದ್ರೆ ನಾಳೆ ಅವನು ಸೊಂಟ ಹಿಡ್ಕೊಂಡು ಕೂರ್ತಾನೆ." ಎರಡು ಪೊಟ್ಟಣ ಕೈಗಿಟ್ಟಳು. "ಬೇಯಿಸಿದ ಮೊಟ್ಟೆ, ಬ್ರೆಡ್ಡು. ಸೊಸೆ ಇಟ್ಟು ಹೋಗಿದ್ದಾಳೆ. ಇನ್ನೊಂದು ಊರಲ್ಲಿ ಯಾರಾದ್ರೂ ಎಷ್ಟು ದಿನ ಇರ್ತೀರಿ ಅಂತ ಕೇಳಿದ್ರೆ ಏನಂತೀಯ?"

"ಆರು ವಾರ" ಎಂದ ಉದ್ದಣ್ಣ.

"ಹಾಂ."

ನಿಲ್ದಾಣಕ್ಕೆ ಹೋಗುವ ದಾರಿ ಓಣಿಯ ಮೂಲಕ, ಒಳಕೋಣೆಯ ಕಿಟಕಿಯ ಪಕ್ಕ. ಇಬ್ಬರೂ ನಿಂತರು. ಒಳಗೆ ಕುರ್ಚಿಯ ಗಾಲಿ ಕಿರ್ರೆಂದಿತು. ಯಜಮಾನನ ದನಿ ಕೇಳಿಸಿತು: "ಶೂ ಹಾಕಿದ್ದೀನಪ್ಪ. ನೋಡಿ. ಒಂದು. ಎರಡು."

ಮತ್ತೆ ಅದೇ ದನಿ:

"ಒಂದು. ಎರಡು."

"ಮೂರು ಅನ್ರೀ!" ಅಜ್ಜಿಯ ದನಿ ಓಣಿಗೆಲ್ಲ ಕೇಳಿಸಿತು. "ಬಾಯಲ್ಲೇನು ಕಡಲೆ ತುಂಬ್ಕೊಂಡಿದ್ದೀರಾ? ನಿಮ್ಮ ಮಗ ಕಾಯ್ತಿದ್ದಾನೆ, ಅಂಗಡಿನೂ ಕಾಯ್ತಿದೆ!"

ಗುಂಡಣ್ಣ ಉದ್ದಣ್ಣನ ತೋಳು ಎಳೆದ. ನಿಲ್ದಾಣದಲ್ಲಿ ನಿಂತು ಇಬ್ಬರೂ ಎದುರಿನ ಶಟರನ್ನೇ ನೋಡುತ್ತಿದ್ದರು. ಏಳು ಹೊಡೆಯಿತು. ಶಟರ್ ಏಳಲಿಲ್ಲ. ಮೂಟೆ ಹಿಡಿದ ಗಿರಾಕಿಯೊಬ್ಬಳು ಬಂದು ಬೋರ್ಡು ಓದಿ, ಕೈಗಡಿಯಾರ ನೋಡಿ, ಶಟರಿಗೆ ಬಡಿದಳು. "ಬಂದೆ" ಎಂದು ಒಳಗಿನಿಂದ ಯಾರೋ ಕೂಗಿದರು, ಯಾರೂ ಬರಲಿಲ್ಲ. ಏಳು ಹತ್ತಕ್ಕೆ ಬಸ್ಸು ಬಂತು. ಹತ್ತಿ ಹಿಂದಿನ ಗಾಜಿನಿಂದ ನೋಡಿದಾಗಲೂ ಶಟರ್ ಮುಚ್ಚಿಯೇ ಇತ್ತು.

ಉತ್ತರದ ಊರಿನಲ್ಲಿ ಕೋಣೆ ಚಿಕ್ಕದು, ಹೊಸ ಜೊತೆಗಾರ ಮಾತು ಕಡಿಮೆಯವನು. ಕಟ್ಟಡಗಳಲ್ಲಿ ಬಾಗಿಲುಗಳು ಅಷ್ಟೇ ಇದ್ದವು. ಸೋಮವಾರ ಉದ್ದಣ್ಣ ಸಿಂಕಿನಲ್ಲಿ ತನ್ನ ಅಂಗಿಗಳನ್ನು ತಾನೇ ಒಗೆಯುತ್ತಿದ್ದಾಗ ಫೋನು ಸದ್ದು ಮಾಡಿತು. ಒಂದು ಅಂಗಿ ಲಾಂಡ್ರಿಯಲ್ಲೇ ಉಳಿದಿತ್ತು ಎಂಬುದು ಅವನಿಗೆ ಆಗ ನೆನಪಾಯಿತು.

'ನಿಮ್ಮ ಬಟ್ಟೆ ತಯಾರಿದೆ' ಎಂದಿತ್ತು ಸಂದೇಶ. 'ಅಂಗಡಿ ಸಮಯ ಬೆಳಿಗ್ಗೆ ಏಳೂವರೆಯಿಂದ.' ಕೊನೆಯಲ್ಲಿ ವಂದನೆಗಳು ಇರಲಿಲ್ಲ. ಅದರ ಕೆಳಗೆ ಯಜಮಾನ ಒಂದು ಸಾಲು ಸೇರಿಸಿದ್ದ: 'ಮಗಳು ನಿನ್ನೆ ಹೋದಳು. ವಿಳಾಸ ಕಳಿಸಿ, ಅಂಗಿ ಅಂಚೆಗೆ ಹಾಕುತ್ತೇನೆ.'

ಅವನು ವಿಳಾಸ ಬರೆದ. ಅದರ ಮುಂದೆ 'ಆರು ವಾರದವರೆಗೆ ಮಾತ್ರ' ಎಂದು ಸೇರಿಸಿ ಕಳಿಸಿದ. ಅಂಗಿ ಒಂಬತ್ತನೆಯ ದಿನ ಬಂತು.